ದುಬಾರಿ ಚಹಾ ಕೊಂಡಿರಾ? ಹಾಗಾದರೆ ಕುದಿಸಬೇಡಿ

ಶುಂಠಿ ಜಜ್ಜಿ ಹಾಕಿ, ಹಾಲು ಸಕ್ಕರೆ ಬೆರೆಸಿ, ಉಕ್ಕುವವರೆಗೆ ಕುದಿಸಿದ ಚಹಾದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಕುಡಿಯುವುದೂ ಅದನ್ನೇ. ಅದಕ್ಕೆ ಗುಂಡುಗುಂಡಾದ ಸಿಟಿಸಿ ಪುಡಿ ಸಾಕು, ಅದಕ್ಕಿಂತ ಬೆಲೆಬಾಳುವುದು ಹಾಕಿದರೆ ದಂಡ. ನನ್ನ ತಕರಾರು ಇರುವುದು 100 ಗ್ರಾಂಗೆ ಐದಾರು ನೂರು ರೂಪಾಯಿ ಕೊಟ್ಟು ಡಾರ್ಜಿಲಿಂಗ್ ಎಲೆ ತಂದು, ಅದನ್ನೂ ಹಾಲಿನ ಪಾತ್ರೆಗೆ ಸುರಿದು, ಆಮೇಲೆ "ಇದರಲ್ಲಿ ಏನೂ ಸಾರವೇ ಇಲ್ಲ" ಎಂದು ಮೂಗು ಮುರಿಯುವವರ ಜೊತೆ. ಕೂನೂರಿನ ಚಹಾ ದಲ್ಲಾಳಿ ಸಂಸ್ಥೆಯೊಂದರ ರುಚಿ ನೋಡುವ ಕೋಣೆಯಲ್ಲಿ ಹರೆಯ ಕಳೆದವನು ನಾನು. ಈಗ ಬೆಂಗಳೂರಿನಲ್ಲಿ ನಿವೃತ್ತನಾಗಿ ಕುಳಿತಿದ್ದರೂ ಚಹಾದ ದೂರುಗಳು ಮನೆ ಹುಡುಕಿಕೊಂಡು ಬರುತ್ತವೆ. "ಮಾವ, ಇಷ್ಟು ದುಡ್ಡು ಸುರಿದು ತಂದೆ, ಬಣ್ಣವನ್ನೇ ಬಿಡುತ್ತಿಲ್ಲ" ಎಂದು ತಂಗಿಯ ಮಗಳು ಮೊನ್ನೆ ಫೋನ್ ಮಾಡಿದ್ದಳು. "ಬಣ್ಣ ಬಿಡಲಿ ಎಂದು ಎಷ್ಟು ಹೊತ್ತು ಕುದಿಸಿದೆ?" ಎಂದು ಕೇಳಿದೆ. ಆ ಕಡೆಯಿಂದ ಮಾತಿಲ್ಲ.

ಬಣ್ಣದ ಮೋಹ ನಮಗೆ ಬಂದಿರುವುದು ಸಿಟಿಸಿಯಿಂದ. ಎರಡು ಎಲೆ, ಒಂದು ಕುಡಿ ಚಿವುಟಿ ತಂದ ಮೇಲೆ ಕಾರ್ಖಾನೆಯಲ್ಲಿ ಮೊದಲು ಗಾಳಿ ಹಾಯಿಸಿ ಬಾಡಿಸುತ್ತಾರೆ. ಅಲ್ಲಿಂದ ಮುಂದೆ ಎರಡು ದಾರಿ. ಆರ್ಥೊಡಾಕ್ಸ್ ದಾರಿಯಲ್ಲಿ ಎಲೆಯನ್ನು ರೋಲರ್ ಯಂತ್ರದಲ್ಲಿ ಹೊಸೆಯುತ್ತಾರೆ. ರಸ ಹೊರಬರುತ್ತದೆ, ಎಲೆ ಸುರುಳಿಯಾಗುತ್ತದೆ, ಆದರೆ ಎಲೆಯಾಗಿಯೇ ಉಳಿಯುತ್ತದೆ. ಸಿಟಿಸಿಯಲ್ಲಿ ಹಲ್ಲುಗಳಿರುವ ಉರುಳೆಗಳ ನಡುವೆ ಅದನ್ನು ಹಾಯಿಸಿ ಕತ್ತರಿಸಿ, ಹರಿದು, ಗುಂಡಗೆ ಮಾಡುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಈ ಯಂತ್ರವೇ ಇಂದು ದೇಶದ ಬಹುಪಾಲು ಚಹಾವನ್ನು ತಯಾರಿಸುತ್ತದೆ. ಪುಟ್ಟ ಕಾಳಾದ್ದರಿಂದ ನೀರಿಗೆ ಬಿದ್ದ ಕ್ಷಣವೇ ಇದ್ದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಹಾಲಿನ ಎದುರು ನಿಲ್ಲುವ ಗಡಸುತನವೂ ಇದೆ. ಹೊಸೆದ ಎಲೆ ಹಾಗಲ್ಲ. ಅದು ನಿಧಾನವಾಗಿ ಬಿಚ್ಚಿಕೊಳ್ಳಬೇಕು, ಬಿಚ್ಚಿಕೊಳ್ಳುವಾಗ ಮೊದಲು ಘಮ, ಆಮೇಲೆ ರುಚಿ, ಕೊನೆಗೆ ಒಗರು ಬಿಡುತ್ತದೆ. ಒಳ್ಳೆಯ ಚಹಾ ಮಾಡುವುದೆಂದರೆ ಈ ಮೂರರ ಪೈಕಿ ಮೊದಲೆರಡನ್ನು ಪೂರ್ತಿ ಪಡೆದು, ಮೂರನೆಯದು ಹದ ಮೀರುವ ಮೊದಲು ಎಲೆಯನ್ನು ನೀರಿನಿಂದ ಬೇರ್ಪಡಿಸುವುದು, ಅಷ್ಟೇ.

ಬಾಡಿಸಿ ಹೊಸೆದ ಎಲೆ ಹಸಿರು ಕಳೆದುಕೊಂಡು ತಾಮ್ರದ ಬಣ್ಣಕ್ಕೆ ತಿರುಗುವ ಹಂತವನ್ನು ಕಾರ್ಖಾನೆಯವರು ಫರ್ಮೆಂಟೇಷನ್ ಎನ್ನುತ್ತಾರೆ. ಇಡ್ಲಿ ಹಿಟ್ಟಿನ ಹಾಗೆ ಹುದುಗು ಬರುವುದೇನೂ ಇಲ್ಲಿ ಇಲ್ಲ. ಎಲೆಯೊಳಗಿನ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮಾಡುವ ಕೆಲಸ. ಆಗ ಹುಟ್ಟುವ ಥಿಯಾಫ್ಲೇವಿನ್ ಚಹಾಕ್ಕೆ ಹೊಳಪನ್ನೂ ನಾಲಿಗೆಗೆ ತಾಗುವ ಚುರುಕನ್ನೂ ಕೊಡುತ್ತದೆ, ಥಿಯಾರುಬಿಜಿನ್ ಕೆಂಪು ಕಂದು ಬಣ್ಣವನ್ನೂ ಮೈಯನ್ನೂ, ಅಂದರೆ ಬಾಯಿ ತುಂಬುವ ಗಟ್ಟಿತನವನ್ನೂ, ಕೊಡುತ್ತದೆ. ಡಾರ್ಜಿಲಿಂಗ್‌ನ ವಸಂತದ ಎಲೆಯನ್ನು ಬಹಳ ಹೆಚ್ಚು ಬಾಡಿಸುವುದರಿಂದ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎಲೆಯಲ್ಲಿ ಹಸಿರು ಉಳಿದಿರುತ್ತದೆ, ಲೋಟದಲ್ಲಿ ತೆಳು ಹೊಂಬಣ್ಣ. ತಂಗಿಯ ಮಗಳ ಬಳಿ ಇದ್ದದ್ದು ಅದೇ. ಅದು ಕಪ್ಪಗಾಗುವುದಿಲ್ಲ, ಆಗಲೂಬಾರದು.

ಈಗ ಯಾವ ಊರಿನದು ಕೊಳ್ಳಬೇಕು ಎಂಬ ಮಾತು. ಡಾರ್ಜಿಲಿಂಗ್‌ನಲ್ಲಿ 1841ರಲ್ಲಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ತನ್ನ ಮನೆಯಂಗಳದಲ್ಲಿ ಚಹಾ ಬೀಜ ಹಾಕಿದಲ್ಲಿಂದ ಅಲ್ಲಿನ ಕಥೆ ಶುರು. ಅಲ್ಲಿರುವುದು ಹೆಚ್ಚಾಗಿ ಚೀನಾ ತಳಿಯ ಸಣ್ಣ ಎಲೆಯ ಗಿಡ. ಪೊಟ್ಟಣದ ಮೇಲೆ 'ಚೈನಾ' ಎಂದು ಬರೆದಿದ್ದರೆ ಗಾಬರಿ ಬೀಳಬೇಡಿ, ಅದು ಗಿಡದ ಜಾತಿ. 'ಕ್ಲೋನಲ್' ಎಂದಿದ್ದರೆ ಎವಿ2ರಂಥ ಆಯ್ದ ಗಿಡದ ಕಡ್ಡಿಯಿಂದ ಬೆಳೆಸಿದ್ದು, ಹೂವಿನ ಘಮ ಜಾಸ್ತಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಕೊಯ್ಲು ಫಸ್ಟ್ ಫ್ಲಶ್. ಮೇ ಜೂನ್ ತಿಂಗಳಿನದು ಸೆಕೆಂಡ್ ಫ್ಲಶ್. ಮಳೆಗಾಲದ ಎಲೆಗೆ ಘಮ ಕಡಿಮೆ, ಅದನ್ನು ಕೊಳ್ಳುವ ಗೋಜಿಗೆ ಹೋಗಬೇಡಿ. ಅಕ್ಟೋಬರ್ ನವೆಂಬರ್‌ನ ಶರತ್ಕಾಲದ ಚಹಾ ದುಂಡಗಿನ, ಸೌಮ್ಯ ರುಚಿಯದು. ಫಸ್ಟ್ ಫ್ಲಶ್‌ನಷ್ಟು ಬೆಲೆಯೂ ಇರುವುದಿಲ್ಲ, ಹೊಸಬರಿಗೆ ಇದು ಬಲು ಒಳ್ಳೆಯ ವ್ಯಾಪಾರ.

ಸೆಕೆಂಡ್ ಫ್ಲಶ್‌ನ ಹೆಗ್ಗಳಿಕೆ ಮಸ್ಕಟೆಲ್ ಎನ್ನುವ ಘಮ. ಮಾಗಿದ ದ್ರಾಕ್ಷಿಯ ಹತ್ತಿರದ್ದು, ಅದರ ಹಿಂದೆ ಸ್ವಲ್ಪ ಮರದ ವಾಸನೆ. ಇದಕ್ಕೆ ಕಾರಣ ತಿಳಿದರೆ ಕೆಲವರು ಲೋಟ ಕೆಳಗಿಡುತ್ತಾರೆ: ಹಸಿರು ಜಿಗಿಹುಳು ಮತ್ತು ಥ್ರಿಪ್ಸ್ ಎಂಬ ನುಸಿ ಎಳೆ ಚಿಗುರಿನ ರಸ ಹೀರುತ್ತವೆ, ಗಿಡ ತನ್ನ ರಕ್ಷಣೆಗೆಂದು ಘಮದ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಹುಳು ತಿಂದ ಎಲೆಗೆ ಹೆಚ್ಚು ಬೆಲೆ ಸಿಗುವ ಬೆಳೆ ನನಗೆ ತಿಳಿದ ಮಟ್ಟಿಗೆ ಇನ್ನೊಂದಿಲ್ಲ.

ಅಸ್ಸಾಮಿನದು ಬೇರೆಯದೇ ಗಿಡ, ಬೇರೆಯದೇ ಸ್ವಭಾವ. ಬ್ರಹ್ಮಪುತ್ರ ಬಯಲಿನ ಶಾಖ, ಮಳೆ, ದೊಡ್ಡ ಎಲೆಯ ಅಸ್ಸಾಂ ತಳಿ. ಅಲ್ಲಿ ಕೊಳ್ಳಬೇಕಾದ್ದು ಮೇ ಜೂನ್‌ನ ಸೆಕೆಂಡ್ ಫ್ಲಶ್ ಆರ್ಥೊಡಾಕ್ಸ್. ಕಪ್ಪು ಎಲೆಗಳ ನಡುವೆ ಚಿನ್ನದ ಬಣ್ಣದ ಕುಡಿಗಳು ಮಿಂಚುತ್ತಿರುತ್ತವೆ, ರುಚಿಯಲ್ಲಿ ಹುರಿದ ಮೊಳಕೆ ಧಾನ್ಯದ ಸಿಹಿ. ಈ ಚಿನ್ನದ ಕುಡಿಗಳ ಆಸೆ ಯಾವ ಎತ್ತರಕ್ಕೆ ಹೋಗಿದೆಯೆಂದರೆ, 2021ರ ಡಿಸೆಂಬರ್‌ನಲ್ಲಿ ಗುವಾಹಟಿ ಹರಾಜಿನಲ್ಲಿ ಮನೋಹರಿ ಗೋಲ್ಡ್ ಎಂಬ ಚಹಾ ಕಿಲೋಗೆ 99,999 ರೂಪಾಯಿಗೆ ಮಾರಾಟವಾಯಿತು. ಸುದ್ದಿಗೆ ಸರಿ. ನಿಮ್ಮ ಲೋಟಕ್ಕೆ ಅದರ ಅಗತ್ಯವಿಲ್ಲ. ಕುಡಿ ಜಾಸ್ತಿಯಾದಷ್ಟೂ ಸಿಹಿ, ಮೃದುತನ ಬರುತ್ತದೆ ನಿಜ, ಆದರೆ ಅಸ್ಸಾಂ ಚಹಾದ ಗತ್ತು ಇರುವುದು ಎಲೆಯಲ್ಲಿ.

ನೀಲಗಿರಿಯ ಬಗ್ಗೆ ಬರೆಯುವಾಗ ನಾನು ಪಕ್ಷಪಾತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1963ರಿಂದ ಹರಾಜು ನಡೆಯುತ್ತಿರುವ ಕೂನೂರಿನಲ್ಲಿ ನನ್ನ ನಾಲಿಗೆ ಪಳಗಿತು. ವರ್ಷದ ಹೆಚ್ಚಿನ ಕಾಲ ಮೇಜಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದ ಬಟ್ಟಲುಗಳಲ್ಲಿ ಸಾಧಾರಣ ಚಹಾವೇ ಇರುತ್ತಿತ್ತು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಮಾತ್ರ ಕೋಣೆಯ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತಿತ್ತು, ಎತ್ತರದ ತೋಟಗಳ ಫ್ರಾಸ್ಟ್ ಟೀ ಬಂದಿದೆಯೆಂದು. ರಾತ್ರಿ ಹೊರಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ, ಹಗಲು ಒಣ ಬಿಸಿಲು. ಚಿಗುರು ಮೆಲ್ಲಗೆ ಬೆಳೆಯುತ್ತದೆ, ಘಮ ಅದರೊಳಗೇ ಕೂಡುತ್ತದೆ. ಡಾರ್ಜಿಲಿಂಗ್‌ಗೆ ಕೊಡುವ ಬೆಲೆಯಲ್ಲಿ ಒಂದು ಪಾಲು ಹೆಸರಿಗೇ ಹೋಗುತ್ತದೆ. ಚಳಿಗಾಲದ ನೀಲಗಿರಿ ಆರ್ಥೊಡಾಕ್ಸ್ ಎಷ್ಟೋ ಸಲ ಅದರ ಅರ್ಧ ಬೆಲೆಗೆ ಸಿಗುತ್ತದೆ, ನಮಗೆ ಹತ್ತಿರವೂ ಹೌದು. ಹಾಗೆ ನೋಡಿದರೆ ಸಕಲೇಶಪುರದ ಕಾಡುಮನೆ, ಚಿಕ್ಕಮಗಳೂರಿನ ಕೆಳಗೂರು ಕಡೆಯೂ ಚಹಾ ಬೆಳೆಯುತ್ತದೆ. ಸುತ್ತಲೂ ಕಾಫಿಯೇ ಇರುವುದರಿಂದ ಅದು ನಮ್ಮವರ ಕಣ್ಣಿಗೆ ಬೀಳುವುದಿಲ್ಲ.

ಅಂಗಡಿಯಲ್ಲಿ ಡಬ್ಬಿಯ ಚಂದ ನೋಡಬೇಡಿ, ಬರಹ ಓದಿ. ತೋಟದ ಹೆಸರು, ಕೊಯ್ಲಿನ ಕಾಲ, ವರ್ಷ, ಈ ಮೂರೂ ಇದ್ದರೆ ಮಾರುವವನಿಗೆ ತನ್ನ ಸರಕಿನ ಮೇಲೆ ಭರವಸೆ ಇದೆ ಎಂದು ಅರ್ಥ. 'ರಾಯಲ್', 'ಪ್ರೀಮಿಯಂ', 'ಎಕ್ಸೊಟಿಕ್' ಎಂಬ ಮಾತುಗಳಿಗೆ ಯಾವ ಬೆಲೆಯೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಪ್ಯಾಕ್ ಮಾಡಿದ ತಾರೀಕು ಕೊಯ್ದ ತಾರೀಕಲ್ಲ ಎಂಬುದೂ ನೆನಪಿರಲಿ. ಗೋದಾಮಿನಲ್ಲಿ ಎರಡು ವರ್ಷ ಕೊಳೆತದ್ದನ್ನು ನಿನ್ನೆ ಪ್ಯಾಕ್ ಮಾಡಿರಬಹುದು. ಫಸ್ಟ್ ಫ್ಲಶ್ ಆದರೆ ಅದೇ ವರ್ಷದ್ದೇ ಬೇಕು. ಸೆಕೆಂಡ್ ಫ್ಲಶ್, ಅಸ್ಸಾಂ ಒಂದೂವರೆ ವರ್ಷ ತಡೆಯುತ್ತವೆ.

ಎಸ್‌ಎಫ್‌ಟಿಜಿಎಫ್‌ಒಪಿ 1 ಎಂದು ರೈಲಿನ ಹಾಗೆ ಉದ್ದವಾದ ಅಕ್ಷರಗಳು ಕಂಡರೆ ಮಂದಿ ಮರುಳಾಗುತ್ತಾರೆ. ಈ ಅಕ್ಷರಗಳು ಹೇಳುವುದು ಎಲೆಯ ಗಾತ್ರವನ್ನೂ ಕುಡಿಯ ಪ್ರಮಾಣವನ್ನೂ, ರುಚಿಯನ್ನಲ್ಲ. ಬಿಒಪಿ ಎಂದರೆ ತುಂಡಾದ ಎಲೆ, ಬೇಗ ಇಳಿಯುತ್ತದೆ, ಗಡುಸು. ಫ್ಯಾನಿಂಗ್ಸ್ ಮತ್ತು ಡಸ್ಟ್ ಅದಕ್ಕಿಂತ ಸಣ್ಣವು, ಸಾಮಾನ್ಯ ಟೀ ಬ್ಯಾಗಿನೊಳಗೆ ಇರುವುದು ಇವೇ. ಒಳ್ಳೆಯ ತೋಟದ ಬಿಒಪಿ ಕೆಟ್ಟ ತೋಟದ ಉದ್ದನೆಯ ಅಕ್ಷರಮಾಲೆಯನ್ನು ಯಾವತ್ತೂ ಸೋಲಿಸುತ್ತದೆ.

ಡಾರ್ಜಿಲಿಂಗ್ ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಬೇಕು. ದೇಶದ ಒಟ್ಟು ಚಹಾದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲಿ ಬೆಳೆಯುವುದಿಲ್ಲ, ಆದರೂ ಯಾವ ಮಾಲ್‌ಗೆ ಹೋದರೂ ಆ ಹೆಸರು ಕಾಣುತ್ತದೆ. ನೆರೆಯ ನೇಪಾಳದ ಎಲೆ ಈ ಹೆಸರಿನಲ್ಲಿ ಬಿಕರಿಯಾಗುವುದು ತೋಟದವರ ಹಳೆಯ ಗೋಳು. ನೇಪಾಳದ ಚಹಾ ಕೆಟ್ಟದ್ದಲ್ಲ, ಅದರ ಹೆಸರಿನಲ್ಲೇ ಮಾರಿದರೆ ನಾನೂ ಕೊಳ್ಳುತ್ತೇನೆ. ಭಾರತದಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಮೊದಲು ಸಿಕ್ಕಿದ್ದು ಡಾರ್ಜಿಲಿಂಗ್ ಚಹಾಕ್ಕೆ, 2004–05ರಲ್ಲಿ. ಚಹಾ ಮಂಡಳಿಯ ಮುದ್ರೆಯಲ್ಲಿ ಎಲೆ ಹಿಡಿದ ಹೆಂಗಸಿನ ಪಕ್ಕನೋಟದ ಚಿತ್ರವಿರುತ್ತದೆ, ಅಸ್ಸಾಮಿನದಕ್ಕೆ ಘೇಂಡಾಮೃಗ. ಮುದ್ರೆ ಇಲ್ಲದ, ತೋಟದ ಹೆಸರೂ ಇಲ್ಲದ, ಆದರೆ ಬೆಲೆ ಮಾತ್ರ ಇರುವ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.

ಬಿಡಿಯಾಗಿ ಮಾರುವ ಅಂಗಡಿಯಾದರೆ ಒಂದು ಚಿಟಿಕೆ ಅಂಗೈಗೆ ಹಾಕಿಸಿಕೊಳ್ಳಿ. ಎಲೆಗಳು ಬಿಗಿಯಾಗಿ ಹೊಸೆದಿರಬೇಕು, ಗಾತ್ರ ಹೆಚ್ಚುಕಡಿಮೆ ಒಂದೇ ಇರಬೇಕು, ನಡುವೆ ಬೂದು ಬಣ್ಣದ ಪುಡಿ, ಕೆಂಚು ಕಡ್ಡಿ, ನಾರು ಇರಬಾರದು. ಬೆರಳ ನಡುವೆ ಒತ್ತಿದರೆ ಚಟಕ್ಕೆಂದು ಮುರಿಯಬೇಕು. ಬಾಗಿದರೆ ತೇವ ಹಿಡಿದಿದೆ. ಅಂಗೈಯ ಎಲೆಯ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟು ಕೂಡಲೇ ಮೂಸಿ ನೋಡಿ, ಒಣ ಎಲೆಯ ಘಮ ಏಳುತ್ತದೆ. ಹಳೆಯ ಗೋಣಿಚೀಲದ ವಾಸನೆ ಬಂದರೆ ಮರುಮಾತಿಲ್ಲದೆ ವಾಪಸ್. ಮೊದಲ ಸಲ 50 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ. ಅಷ್ಟರಲ್ಲೇ ಇಪ್ಪತ್ತು ಲೋಟ ಚಹಾ ಆಗುತ್ತದೆ.

ಮನೆಗೆ ತಂದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬಿ. ಗಾಜಿನ ಭರಣಿ ಚೆಂದ ಕಾಣುತ್ತದೆ, ಬೆಳಕು ಎಲೆಯನ್ನು ತಿನ್ನುತ್ತದೆ. ಫ್ರಿಜ್ ಬೇಡ, ತೇವ ಕೂರುತ್ತದೆ. ಹಿಂಗು, ಸಾರಿನಪುಡಿ ಇರುವ ಕಪಾಟು ಖಂಡಿತ ಬೇಡ. ಚಹಾ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ಪುಸ್ತಕದ ಕಪಾಟಿನಲ್ಲಿದೆ, ಹೆಂಡತಿ ಅದರ ಬಗ್ಗೆ ಹೇಳುವುದನ್ನು ಇಲ್ಲಿ ಬರೆಯುವುದಿಲ್ಲ.

ನೀರಿನ ವಿಷಯಕ್ಕೆ ಬರೋಣ, ಅರ್ಧ ಚಹಾ ಕೆಡುವುದು ಇಲ್ಲೇ. ನಮ್ಮ ಬಡಾವಣೆಯ ಕೊಳವೆಬಾವಿ ನೀರಿನಲ್ಲಿ ಮಾಡಿದ ಡಾರ್ಜಿಲಿಂಗ್ ಮಂಕಾಗಿ, ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟಿಕೊಂಡು ಕೂರುತ್ತದೆ. ಗಡಸು ನೀರಿನ ಸುಣ್ಣದ ಅಂಶ ಚಹಾದ ಪಾಲಿಫಿನಾಲ್‌ಗಳನ್ನು ಕಟ್ಟಿಹಾಕುವುದರಿಂದ ಹೀಗಾಗುತ್ತದೆ. ಅದೇ ಎಲೆಯನ್ನು ಕಾವೇರಿ ನೀರಿನಲ್ಲಿ ಮಾಡಿದರೆ ಬೇರೆಯದೇ ಚಹಾ. ಆರ್‌ಒ ನೀರು ಆಗಬಹುದು, ಆದರೆ ಲವಣವೆಲ್ಲ ಹೋಗಿ ತೀರಾ ಸಪ್ಪೆಯಾಗಿದ್ದರೆ ಅದಕ್ಕೆ ಕಾಲು ಭಾಗ ಸೋಸಿದ ನಲ್ಲಿ ನೀರು ಸೇರಿಸಿ. ಬೆಳಿಗ್ಗೆ ಕುದಿಸಿ ಫ್ಲಾಸ್ಕ್‌ನಲ್ಲಿಟ್ಟ ನೀರು ಬೇಡ, ಹೊಸದಾಗಿ ಕಾಯಿಸಿ.

ಶಾಖದ ಬಗ್ಗೆ ಪುಸ್ತಕಗಳು ಹೇಳುವ ಲೆಕ್ಕ ಸಮುದ್ರಮಟ್ಟದ್ದು. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ, ಡಾರ್ಜಿಲಿಂಗ್ ಪಟ್ಟಣದಲ್ಲಿ 93ರ ಆಸುಪಾಸಿನಲ್ಲಿ. ಅಂದರೆ ಬೆಂಗಳೂರಿನವರು ಅಸ್ಸಾಂ ಚಹಾಕ್ಕೆ ಕುದಿಯುವ ನೀರನ್ನು ಒಲೆಯಿಂದ ಇಳಿಸಿದ ಕ್ಷಣವೇ ಸುರಿಯಬೇಕು. ಸೆಕೆಂಡ್ ಫ್ಲಶ್ ಮತ್ತು ನೀಲಗಿರಿಗೆ ಗುಳ್ಳೆ ಅಡಗುವಷ್ಟು ಹೊತ್ತು ಕಾದರೆ ಸಾಕು. ಫಸ್ಟ್ ಫ್ಲಶ್‌ಗೆ 85ರಿಂದ 90 ಡಿಗ್ರಿ: ಕುದಿದ ನೀರನ್ನು ಇನ್ನೊಂದು ತಣ್ಣನೆಯ ಪಾತ್ರೆಗೆ ಬಗ್ಗಿಸಿ, ಅಲ್ಲಿಂದ ಚಹಾ ಪಾತ್ರೆಗೆ ಹಾಕಿದರೆ ಹೆಚ್ಚುಕಡಿಮೆ ಅಲ್ಲಿಗೆ ಬಂದಿರುತ್ತದೆ. ಥರ್ಮಾಮೀಟರ್ ಕೊಳ್ಳಲು ಹೋಗಬೇಡಿ.

ಕೊಳ್ಳುವುದಿದ್ದರೆ ಗ್ರಾಂ ತೂಗುವ ಪುಟ್ಟ ತಕ್ಕಡಿ ಕೊಳ್ಳಿ. ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉದ್ದನೆಯ ಡಾರ್ಜಿಲಿಂಗ್ ಎಲೆ ಚಮಚದಲ್ಲಿ ಹರಡಿಕೊಂಡು ಕೂರುತ್ತದೆ, ಅಸ್ಸಾಮಿನ ತುಂಡೆಲೆ ಅದೇ ಚಮಚದಲ್ಲಿ ಎರಡು ಪಟ್ಟು ತೂಗಬಹುದು. 200 ಮಿಲಿಲೀಟರ್ ನೀರಿಗೆ ಎರಡೂವರೆ ಗ್ರಾಂ, ಇದು ನನ್ನ ಅಳತೆ. ಪಿಂಗಾಣಿ ಟೀಪಾಟ್ ಇದ್ದರೆ ಸರಿ, ಇಲ್ಲದಿದ್ದರೆ ಮುಚ್ಚಳವಿರುವ ಯಾವ ಪಾತ್ರೆಯೂ ಆಗುತ್ತದೆ. ಮೊದಲು ಅದಕ್ಕೆ ಬಿಸಿನೀರು ಹಾಕಿ ಅಲುಗಾಡಿಸಿ ಚೆಲ್ಲಿ, ಬೆಚ್ಚಗಾಗಲಿ. ಎಲೆ ಹಾಕಿ, ನೀರು ಸುರಿದು, ಮುಚ್ಚಿ, ಗಡಿಯಾರ ನೋಡಿ. ಫಸ್ಟ್ ಫ್ಲಶ್‌ಗೆ ಮೂರು ನಿಮಿಷ, ಸೆಕೆಂಡ್ ಫ್ಲಶ್ ಮತ್ತು ನೀಲಗಿರಿಗೆ ಮೂರೂವರೆಯಿಂದ ನಾಲ್ಕು, ಅಸ್ಸಾಮಿಗೆ ನಾಲ್ಕರಿಂದ ಐದು. ಸರಪಳಿ ಕಟ್ಟಿದ ಗೋಲಿಯಂಥ ಜಾಲರಿಯೊಳಗೆ ಎಲೆ ತುರುಕಬೇಡಿ, ಅದಕ್ಕೆ ಬಿಚ್ಚಿಕೊಳ್ಳಲು ಜಾಗ ಬೇಕು. ಚಮಚ ಹಾಕಿ ಕಲಕುವುದು, ಕೊನೆಯಲ್ಲಿ ಎಲೆ ಹಿಂಡುವುದು ಎರಡೂ ಬೇಡ.

ಸಮಯವಾದ ಕೂಡಲೇ ಪೂರ್ತಿ ಸೋಸಿಬಿಡಿ, ಒಂದು ಹನಿಯೂ ಎಲೆಯ ಜೊತೆ ಉಳಿಯಬಾರದು. ಹೆಚ್ಚಿನ ಮನೆಗಳಲ್ಲಿ ಮೊದಲ ಲೋಟ ಚೆನ್ನಾಗಿದ್ದು ಎರಡನೆಯದು ಕಹಿಯಾಗುವುದು ಈ ಉಳಿದ ನೀರಿನಿಂದಲೇ. ಗಡುಸು ಬೇಕೆನಿಸಿದರೆ ಎಲೆ ಅರ್ಧ ಗ್ರಾಂ ಹೆಚ್ಚಿಸಿ, ನಿಮಿಷ ಹೆಚ್ಚಿಸಬೇಡಿ. ಒಳ್ಳೆಯ ಡಾರ್ಜಿಲಿಂಗ್ ಎಲೆ ಎರಡನೆಯ ಸಲವೂ ಚಹಾ ಕೊಡುತ್ತದೆ, ಒಂದು ನಿಮಿಷ ಜಾಸ್ತಿ ಬಿಡಬೇಕು. ಅಸ್ಸಾಮಿನ ತುಂಡೆಲೆಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ.

ಸೋಸಿದ ಎಲೆಯನ್ನು ಎಸೆಯುವ ಮೊದಲು ಒಮ್ಮೆ ನೋಡಿ. ಕೂನೂರಿನಲ್ಲಿ ನಾವು ಬಟ್ಟಲಿನ ಮುಚ್ಚಳವನ್ನು ಮಗುಚಿ, ಅದರ ಮೇಲೆ ನೆಂದ ಎಲೆಯನ್ನು ಕೂರಿಸಿ, ಚಹಾಕ್ಕಿಂತ ಮೊದಲು ಅದನ್ನೇ ಮೂಸುತ್ತಿದ್ದೆವು. ಬಿಚ್ಚಿಕೊಂಡ ಎಲೆ ಹೊಸ ತಾಮ್ರದ ಚೆಂಬಿನ ಬಣ್ಣಕ್ಕಿದ್ದರೆ ಕಾರ್ಖಾನೆಯವನು ತನ್ನ ಕೆಲಸ ಸರಿಯಾಗಿ ಮಾಡಿದ್ದಾನೆ. ಮಾಸಲು ಕಂದಾಗಿದ್ದರೆ ಎಲೆ ಹೆಚ್ಚು ಹೊತ್ತು ಬಿದ್ದುಕೊಂಡಿತ್ತು. ಅಂಚಿನಲ್ಲಿ ಕಪ್ಪು ಸುಟ್ಟ ಗುರುತಿದ್ದರೆ ಒಣಗಿಸುವಾಗ ಬೆಂಕಿ ಜಾಸ್ತಿಯಾಗಿದೆ, ಚಹಾದಲ್ಲೂ ಆ ಕಮಟು ಸಿಗುತ್ತದೆ. ಫಸ್ಟ್ ಫ್ಲಶ್ ಎಲೆಯಲ್ಲಿ ಮಾತ್ರ ಹಸಿರು ಸಹಜ. ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ ಹರವಿದರೆ ತುದಿಯ ಕುಡಿ, ಅದರ ಕೆಳಗಿನ ಎರಡು ಎಲೆ, ಚಿವುಟಿದ ಜಾಗ, ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಅಷ್ಟು ಇಡಿಯಾಗಿ ಉಳಿದಿರುವ ಎಲೆ ಒಂದೊಂದು ಹಿಡಿಯಲ್ಲಿ ಎಷ್ಟಿದೆ ಎಂಬುದರ ಮೇಲೆಯೇ ನಾನು ಆ ತೋಟಕ್ಕೆ ಮತ್ತೆ ದುಡ್ಡು ಕೊಡಬೇಕೇ ಎಂದು ತೀರ್ಮಾನಿಸುವುದು.

ಕುಡಿಯುವಾಗ ಆತುರ ಬೇಡ. ಬಾಯಿ ಸುಡುವ ಬಿಸಿಯಲ್ಲಿ ನಾಲಿಗೆಗೆ ಏನೂ ತಿಳಿಯುವುದಿಲ್ಲ, ಸ್ವಲ್ಪ ಆರಲಿ. ಆಮೇಲೆ ಸುರ್ ಎಂದು ಸದ್ದು ಮಾಡಿ ಹೀರಿ. ಅಜ್ಜಿ ಬೈಯುತ್ತಿದ್ದ ಅದೇ ಸದ್ದು ನಮ್ಮ ಕೋಣೆಯಲ್ಲಿ ಕೆಲಸದ ಭಾಗ. ಚಹಾ ಗಾಳಿಯ ಜೊತೆ ಬಾಯೆಲ್ಲ ಹರಡಿ, ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಒಗರು ಮತ್ತು ಕಹಿ ಬೇರೆಬೇರೆ ಎಂಬುದನ್ನು ಆಗ ಗಮನಿಸಿ. ಒಗರು ಒಸಡು, ಕೆನ್ನೆಯ ಒಳಭಾಗವನ್ನು ಹಿಡಿದು ಬಿಡುತ್ತದೆ, ಬಿಟ್ಟ ಮೇಲೆ ಬಾಯಲ್ಲಿ ನೀರೂರುತ್ತದೆ. ಅದು ಚಹಾದ ಗುಣ. ಕಹಿ ನಾಲಿಗೆಯ ಹಿಂಭಾಗದಲ್ಲಿ ಅಂಟಿಕೊಂಡು ಕೂರುತ್ತದೆ, ಅದು ಮಾಡಿದವರ ತಪ್ಪು. ಸಾಧ್ಯವಾದರೆ ಎರಡು ಬಗೆಯ ಚಹಾವನ್ನು ಒಟ್ಟಿಗೆ ಮಾಡಿ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದು ಗುಟುಕು ಕುಡಿಯಿರಿ. ಒಂದನ್ನೇ ಕುಡಿಯುವಾಗ ಸಿಗದ ವ್ಯತ್ಯಾಸ ಆಗ ತಾನಾಗಿ ಎದುರು ನಿಲ್ಲುತ್ತದೆ.

ಹಾಲು ಬೇಕೇ ಬೇಕೆನ್ನುವವರು ಅಸ್ಸಾಂ ಆರ್ಥೊಡಾಕ್ಸ್‌ಗೆ ಒಂದು ಚಮಚ ಬಿಸಿ ಹಾಲು ಹಾಕಿಕೊಳ್ಳಲಿ, ಅದು ತಡೆದುಕೊಳ್ಳುತ್ತದೆ. ಹಾಲಿನ ಪ್ರೋಟೀನು ಒಗರನ್ನು ಕಟ್ಟಿಹಾಕುತ್ತದೆ, ಡಾರ್ಜಿಲಿಂಗ್‌ನಲ್ಲಿ ಅದರ ಜೊತೆಗೆ ಉಳಿದದ್ದೂ ಮುಚ್ಚಿಹೋಗುತ್ತದೆ. ನಿಂಬೆ ಹಿಂಡಿದರೆ ಬಣ್ಣ ಥಟ್ಟನೆ ತಿಳಿಯಾಗುವುದನ್ನು ನೋಡಿ ಹೆದರಬೇಡಿ, ಹುಳಿಗೆ ಥಿಯಾರುಬಿಜಿನ್ ಬಣ್ಣ ಬದಲಿಸುತ್ತದೆ ಅಷ್ಟೇ. ಇನ್ನು ಅಸ್ಸಾಂ ಚಹಾ ಆರಿದ ಮೇಲೆ ಮೋಡ ಕವಿದಂತೆ ಮಬ್ಬಾದರೆ ಕೆಟ್ಟಿತೆಂದು ಚೆಲ್ಲಬೇಡಿ. ಕೆಫೀನ್ ಮತ್ತು ಬಣ್ಣದ ಅಂಶಗಳು ತಣ್ಣಗಾದಾಗ ಕೂಡಿಕೊಳ್ಳುವುದರಿಂದ ಹಾಗಾಗುತ್ತದೆ, ಗಟ್ಟಿ ಚಹಾದ ಲಕ್ಷಣ ಅದು. ಬಿಸಿನೀರು ಬೆರೆಸಿದರೆ ಮತ್ತೆ ತಿಳಿಯಾಗುತ್ತದೆ. ನೀಲಗಿರಿ ಚಹಾ ಅಷ್ಟಾಗಿ ಮಬ್ಬಾಗುವುದಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಐಸ್ ಹಾಕಿ ಕುಡಿಯುವವರಿಗೆ ಅದೇ ಸರಿ.

ಜೊತೆಗೆ ತಿನ್ನಲು ಏನು? ಅಸ್ಸಾಮಿಗೆ ನಿಪ್ಪಟ್ಟು, ಕೋಡುಬಳೆ ಎಲ್ಲ ಒಗ್ಗುತ್ತವೆ. ನೀಲಗಿರಿಗೆ ಬೆಣ್ಣೆ ಬಿಸ್ಕತ್ತು. ಡಾರ್ಜಿಲಿಂಗ್ ಕುಡಿಯುವಾಗ ನಾನು ಏನನ್ನೂ ತಿನ್ನುವುದಿಲ್ಲ, ಬೆಳ್ಳುಳ್ಳಿ ಖಾರದ ಚೌಚೌ ತಿಂದ ಬಾಯಿಗೆ ಅದನ್ನು ಕೊಡುವುದಂತೂ ಅನ್ಯಾಯ. ಊಟವಾದ ತಕ್ಷಣವೂ ಬೇಡ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಹಾಲಿಲ್ಲದ ಚಹಾ ಹಗುರವೆಂದು ರಾತ್ರಿ ಹೊತ್ತು ಕುಡಿಯುವವರೂ ಇದ್ದಾರೆ. ಹಾಲು ಇರಲಿ ಬಿಡಲಿ, ಕೆಫೀನ್ ಎಲೆಯಲ್ಲಿರುತ್ತದೆ. ನಿದ್ದೆ ಸೂಕ್ಷ್ಮ ಇರುವವರು ಇದನ್ನು ಮಧ್ಯಾಹ್ನ ಮೂರು ನಾಲ್ಕು ಗಂಟೆಯೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.